ಟ್ಯೂನಾ ಗಾಳಕ್ಕೆ ಜೀವಂತ ಮೀನು ಕಟ್ಟಬೇಕೇ?

ಪರ

ನಾನು ಚನ್ನಗಿರಿ ಕಡೆಯವನು. ಸೂಳೆಕೆರೆ ಏರಿ ಹತ್ತಿರ ಗಾಳ ಹಾಕಿ ಬೆಳೆದವನು. ಸತ್ತ ಮರಿಮೀನು ಕಟ್ಟಿದಾಗ ಕೊರವ ಮೀನು ಹತ್ತಿರ ಸುಳಿಯುವುದೇ ಕಮ್ಮಿ. ಬೆನ್ನಿನ ರೆಕ್ಕೆಯ ಬುಡದಲ್ಲಿ ಹುಷಾರಾಗಿ ಚುಚ್ಚಿ ಜೀವಂತ ಮರಿ ಬಿಡಿ. ಬೆಂಡು ಸಣ್ಣಗೆ ನಡುಗುತ್ತಾ ಇರುತ್ತದೆ. ಆಮೇಲೆ ಒಂದೇ ಸಲಕ್ಕೆ ಮುಳುಗುತ್ತದೆ.

ಸಮುದ್ರದಲ್ಲೂ ನಡೆಯುವುದು ಇದೇ. ಲಾಂಗ್‌ಲೈನ್ ಎಂದರೆ ಹತ್ತಾರು ಕಿಲೋಮೀಟರ್ ಉದ್ದದ ಹಗ್ಗ, ಅದರಿಂದ ಇಳಿಬಿಟ್ಟ ಸಾವಿರಾರು ಗಾಳ. ಟ್ಯೂನಾ ಕಣ್ಣಿಂದ ಬೇಟೆ ಹುಡುಕುವ ಮೀನು, ಒದ್ದಾಡುವುದು ಕಂಡರೆ ಬರುತ್ತದೆ. ತೈವಾನ್, ಇಂಡೋನೇಷ್ಯಾ ಕಡೆ ಇದಕ್ಕೆ ಹೂಮೀನು ಬಳಸುತ್ತಾರೆ. ಅದು ಕೊಳದಲ್ಲಿ ಪಾಚಿ ತಿಂದು ಬೆಳೆಯುವ ಮೀನು. ಸಮುದ್ರದ ಬೂತಾಯಿ, ಬಂಗುಡೆ ಬಾಚಿ ತಂದು ಗಾಳಕ್ಕೆ ಹಾಕುವುದಕ್ಕಿಂತ ಇದು ವಾಸಿ ಅಲ್ವಾ?

ಲಕ್ಷದ್ವೀಪವನ್ನೂ ನೋಡಿ. ಮಿನಿಕಾಯ್‌ನವರು ಟ್ಯೂನಾ ಹಿಡಿಯುವುದು ಕೋಲು ಗಾಳದಿಂದ. ದೋಣಿಯ ತೊಟ್ಟಿಯಲ್ಲಿ ಮರಿಮೀನು ಜೀವಂತ ಇಟ್ಟುಕೊಂಡೇ ಹೊರಡುತ್ತಾರೆ. ಅದು ಸಿಗದ ದಿನ ಕೋಲು ಎತ್ತುವ ಹಾಗೇ ಇಲ್ಲ.

ವಿರೋಧ

ಲಕ್ಷದ್ವೀಪದ ಮಾತು ಒಪ್ಪುತ್ತೇನೆ. ಆದರೆ ಅಲ್ಲಿ ಮರಿಮೀನನ್ನು ಗಾಳಕ್ಕೆ ಚುಚ್ಚುವುದಿಲ್ಲ, ನೀರಿಗೆ ಎರಚುತ್ತಾರೆ. ಕೋಲಿಗೆ ಬಂದ ಮೀನು ಕಣ್ಣೆದುರೇ ಇರುತ್ತದೆ. ಬೇಡದ್ದು ಬಂದರೆ ಆಗಲೇ ಬಿಡಬಹುದು.

ಲಾಂಗ್‌ಲೈನ್ ಗಂಟೆಗಟ್ಟಲೆ ನೀರಲ್ಲೇ ಇರುತ್ತದೆ, ಕಾಯುವವರು ಯಾರೂ ಇಲ್ಲ. ಒದ್ದಾಡುವ ಮೀನು ಟ್ಯೂನಾವನ್ನು ಮಾತ್ರ ಕರೆಯುತ್ತದೆಯೇ? ಮಾರ್ಲಿನ್ ಮೀನು ಬರುತ್ತದೆ, ಹಾಯಿಮೀನು ಬರುತ್ತದೆ. ಹೀಗೆ ಅವು ಜಾಸ್ತಿ ಸಿಕ್ಕಿ ಸಾಯುತ್ತವೆ ಎಂದೇ ಅಮೆರಿಕ 2000ದಲ್ಲಿ ಮೆಕ್ಸಿಕೊ ಕೊಲ್ಲಿಯ ಲಾಂಗ್‌ಲೈನ್ ದೋಣಿಗಳಿಗೆ ಜೀವಂತ ಮೀನು ಕಟ್ಟುವುದನ್ನು ನಿಷೇಧಿಸಿತು. ಸ್ಕ್ವಿಡ್ (ಬೊಂಡಾಸ್) ಬದಲು ಮೀನು ಕಟ್ಟಿದರೆ ಕಡಲಾಮೆ ಗಾಳಕ್ಕೆ ಸಿಗದೆ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಜ. ಹವಾಯಿಯಲ್ಲಿ ಕತ್ತಿಮೀನು ಹಿಡಿಯುವವರಿಗೆ 2004ರಿಂದ ಬಂಗುಡೆ ಜಾತಿಯ ಮೀನು, ದುಂಡು ಗಾಳ ಕಡ್ಡಾಯ. ಅದಕ್ಕೆ ಜೀವ ಇರಬೇಕಿಲ್ಲ, ಸತ್ತ ಮೀನೇ ಸಾಕು.

ಇನ್ನು ಹೂಮೀನು. ಫಿಲಿಪ್ಪೀನ್ಸ್‌ನಲ್ಲಿ ಅದು ಜನರ ದಿನದ ಊಟ. ಊಟಕ್ಕಾಗುವ ಮೀನನ್ನು ದುಬಾರಿ ಮೀನಿಗೆ ಎರೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹುಡುಗನಾಗಿದ್ದಾಗ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ ಸಂಜೆ ಕಟ್ಟಿ ಬಂದ ಗಾಳವನ್ನು ಬೆಳಿಗ್ಗೆ ಎಳೆದೆ. ದೊಡ್ಡದೇನೂ ಬಿದ್ದಿರಲಿಲ್ಲ. ನಾನು ಚುಚ್ಚಿದ್ದ ಮರಿ ಮಾತ್ರ ಇತ್ತು. ಬೆನ್ನಿನ ಗಾಯ ನೆನೆದು ಬೆಳ್ಳಗಾಗಿತ್ತು, ಕಿವಿರು ಇನ್ನೂ ಆಡುತ್ತಿತ್ತು. ರಾತ್ರಿಯೆಲ್ಲಾ ಅದು ಹಾಗೇ ಇತ್ತು. ಬಿಡಿಸಿ ನೀರಿಗೆ ಬಿಟ್ಟೆ. ಎರಡು ಸಲ ಬಾಲ ಬಡಿದು ಮಗುಚಿಕೊಂಡಿತು. ಆಮೇಲೆ ನಾನು ಹಿಟ್ಟಿನ ಉಂಡೆ ಬಿಟ್ಟು ಬೇರೇನೂ ಕಟ್ಟಿಲ್ಲ.