ಕಡಲು ಸಪ್ಪೆಯಾದ ಕಾಲದಲ್ಲಿ ಕರೆ ನೋಡುವ ಕ್ರಮ

ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಕೆಲವು ಬೇಸಿಗೆಗಳು ಹೇಳಿಕೊಳ್ಳುವಂಥ ತೆರೆಯೇ ಬರದೆ ಮುಗಿಯುತ್ತವೆ. ಹಲಗೆ ಹಿಡಿದು ಸರ್ಫಿಂಗ್ ಮಾಡುವವರು ವಾರಗಟ್ಟಲೆ ಕಡಲ ಕಡೆ ತಲೆಹಾಕುವುದಿಲ್ಲ. ಫೋನಿನಲ್ಲಿ ಯಾವುದೋ ಒಂದು ಕರೆಯ, ಅಂದರೆ ಕಡಲ ದಡದ, ಕ್ಯಾಮೆರಾ ನೋಡಿ, ‘ಇವತ್ತೂ ಸಪ್ಪೆ’ ಎಂದು ಮಗ್ಗುಲು ಬದಲಿಸುವವರೇ ಜಾಸ್ತಿ. ಬಾಡಿಸರ್ಫಿಂಗ್ ಮಾಡುವವರು ಈ ಲೆಕ್ಕವನ್ನು ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಲಗೆಯಿಲ್ಲದೆ, ಕಾಲಿಗೆ ಒಂದು ಜೊತೆ ಫಿನ್ಸ್ (ಈಜುರೆಕ್ಕೆ) ಹಾಕಿಕೊಂಡು ಮೈಯನ್ನೇ ತೆರೆಯ ಮೇಲೆ ಜಾರಿಸುವವರಿಗೆ ಸೊಂಟದೆತ್ತರದ ತೆರೆ ಸಾಕು. ಅದು ಕಡಿದಾಗಿ ಏಳಬೇಕು, ಅಷ್ಟೆ. ಅಂಥ ತೆರೆ ಎಷ್ಟೇ ಬಡ ಕಾಲದಲ್ಲೂ ಎಲ್ಲೋ ಒಂದು ಕರೆಯಲ್ಲಿ, ದಿನದ ಯಾವುದೋ ಎರಡು ಗಂಟೆ ಏಳುತ್ತಿರುತ್ತದೆ. ಅದನ್ನು ಹುಡುಕುವ ವಿದ್ಯೆಯಲ್ಲಿ ಅರ್ಧ ಇಲ್ಲಿನವರ ಕೈಯಲ್ಲಿದೆ, ಇನ್ನರ್ಧ ನಮ್ಮ ಕರಾವಳಿಯವರ ಕೈಯಲ್ಲಿದೆ.

ಇಲ್ಲಿನವರ ಅರ್ಧ ಎಂದರೆ ಅಂಕಿ. ದಡದಾಚೆ ಲಂಗರು ಹಾಕಿ ತೇಲಿಬಿಟ್ಟ ಬೋಯಾ ಎಂಬ ಅಳತೆಯ ಉಪಕರಣಗಳು ತೆರೆಯ ಎತ್ತರ, ಒಂದು ತೆರೆಯಿಂದ ಇನ್ನೊಂದಕ್ಕೆ ಹಿಡಿಯುವ ಸೆಕೆಂಡು, ಬರುವ ದಿಕ್ಕು ಮೂರನ್ನೂ ಹಗಲಿರುಳು ವರದಿ ಮಾಡುತ್ತವೆ. ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆ 1975ರಲ್ಲಿ ಶುರುಮಾಡಿದ ಜಾಲದ ಬೋಯಾಗಳಿವು. ಓಷನ್‌ಸೈಡ್ ಆಚೆ 46224 ಸಂಖ್ಯೆಯದು, ಟಾರಿ ಪೈನ್ಸ್ ಆಚೆ 46225 ಸಂಖ್ಯೆಯದು. ಇವನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆದರೆ ನೋಡುವವರಲ್ಲಿ ಹೆಚ್ಚಿನವರು ಎತ್ತರ ಮಾತ್ರ ನೋಡಿ ಬಿಡುತ್ತಾರೆ. 17 ಸೆಕೆಂಡಿನ 2 ಅಡಿ ತೆರೆಯನ್ನೂ 7 ಸೆಕೆಂಡಿನ 3 ಅಡಿ ತೆರೆಯನ್ನೂ ಪಕ್ಕಪಕ್ಕ ಇಡಿ. ತೆರೆ ಹೊತ್ತು ತರುವ ಶಕ್ತಿಯನ್ನು ಹೋಲಿಸಲು ಎತ್ತರದ ವರ್ಗವನ್ನು ಸೆಕೆಂಡಿನಿಂದ ಗುಣಿಸಿದರೆ ಸಾಕು: ಮೊದಲನೆಯದಕ್ಕೆ 68, ಎರಡನೆಯದಕ್ಕೆ 63. ಬೋಯಾದಲ್ಲಿ ಚಿಕ್ಕದಾಗಿ ಕಂಡದ್ದು ದಡಕ್ಕೆ ಬಂದಾಗ ದೊಡ್ಡದಾಗಿ ಕಂಡದ್ದರಷ್ಟೇ ಎತ್ತರಕ್ಕೆ ಏಳುತ್ತದೆ, ಮೇಲ್ಮೈಯೂ ನಯವಾಗಿರುತ್ತದೆ. ಬೋಯಾದ ಎತ್ತರ ಎಲ್ಲ ತೆರೆಗಳ ಸರಾಸರಿ ಅಲ್ಲ ಎಂಬುದೂ ನೆನಪಿರಲಿ. ಎಲ್ಲ ತೆರೆಗಳಲ್ಲಿ ಅತಿ ದೊಡ್ಡದಾದ ಮೂರನೇ ಒಂದು ಪಾಲನ್ನು ತೆಗೆದುಕೊಂಡು ಅದರ ಸರಾಸರಿ ಕೊಡುತ್ತಾರೆ. ಹಾಗಾಗಿ ಆ ಅಂಕಿಗಿಂತ ದೊಡ್ಡ ತೆರೆ ಆಗೀಗ ಬಂದೇ ಬರುತ್ತದೆ.

ಬೇಸಿಗೆಯ ಈ ಉದ್ದನೆಯ, ಅಂದರೆ ಹೆಚ್ಚು ಸೆಕೆಂಡಿನ, ತೆರೆಗಳು ಹುಟ್ಟುವುದು ದಕ್ಷಿಣಾರ್ಧದ ಚಳಿಗಾಲದ ಬಿರುಗಾಳಿಗಳಲ್ಲಿ, ಹಲವು ಸಲ ನ್ಯೂಜಿಲೆಂಡ್ ಕೆಳಗಿನ ಸಮುದ್ರದಲ್ಲಿ. 17 ಸೆಕೆಂಡಿನ ತೆರೆಗಳ ಗುಂಪು ಆಳ ನೀರಿನಲ್ಲಿ ಗಂಟೆಗೆ ಸುಮಾರು 48 ಕಿಲೋಮೀಟರ್ ಸಾಗುತ್ತದೆ. ಹತ್ತು ಸಾವಿರ ಕಿಲೋಮೀಟರ್ ದಾಟಲು ಒಂಬತ್ತು ದಿನ ಬೇಕು. ಉದ್ದನೆಯ ತೆರೆ ಮೊದಲು ತಲುಪುತ್ತದೆ, ಗಿಡ್ಡದ್ದು ಆಮೇಲೆ. ಬೋಯಾದಲ್ಲಿ ನಿನ್ನೆ 20 ಸೆಕೆಂಡಿನ ಅರ್ಧ ಅಡಿ ಕಾಣಿಸಿಕೊಂಡರೆ ನಾಳೆ, ನಾಳಿದ್ದು ನೋಡುವಂಥದ್ದು ಬರುತ್ತಿದೆ ಎಂದರ್ಥ. ಬಡ ಕಾಲದಲ್ಲಿ ಇಂಥ ಸಣ್ಣ ಸುಳಿವನ್ನು ಬಿಟ್ಟವರಿಗೆ ಇಡೀ ವಾರ ಕೈತಪ್ಪುತ್ತದೆ.

ಒಂದೇ ತೆರೆ ಎಲ್ಲ ಕರೆಗಳಿಗೂ ಸಮನಾಗಿ ಸಿಗುವುದಿಲ್ಲ. ಕ್ಯಾಟಲಿನಾ, ಸ್ಯಾನ್ ಕ್ಲೆಮೆಂಟೆ ದ್ವೀಪಗಳು ಅಡ್ಡ ನಿಂತು ಕೆಲವು ದಿಕ್ಕಿನ ತೆರೆಗಳನ್ನು ತಡೆಯುತ್ತವೆ. ದಿಕ್ಕು ಹತ್ತು ಡಿಗ್ರಿ ಬದಲಾದರೆ ನಿನ್ನೆ ಎದೆಮಟ್ಟ ಇದ್ದ ಕರೆಯಲ್ಲಿ ಇಂದು ಮೊಣಕಾಲುಮಟ್ಟ. ಇನ್ನು ನೀರಿನಡಿಯ ಕಮರಿಗಳು. ಸ್ಯಾನ್ ಡಿಯಾಗೊದ ಲಾ ಹೋಯಾದಲ್ಲಿ ಕಮರಿಯ ತಲೆ ಕರೆಯ ಹತ್ತಿರಕ್ಕೇ ಬರುತ್ತದೆ. ತೆರೆಯು ಆಳದ ಮೇಲೆ ಬೇಗ, ಆಳವಿಲ್ಲದಲ್ಲಿ ನಿಧಾನ ಓಡುವುದರಿಂದ ಕಮರಿಯ ಮೇಲಿನಿಂದ ಪಕ್ಕಕ್ಕೆ ಬಾಗುತ್ತದೆ. ಆದ್ದರಿಂದಲೇ ಲಾ ಹೋಯಾ ಶೋರ್ಸ್ ಮಕ್ಕಳು ಆಡುವಷ್ಟು ಮೆತ್ತಗಿರುವ ದಿನವೂ ಅದರ ಬಡಗಿನ ಬ್ಲ್ಯಾಕ್ಸ್ ಬೀಚಿನಲ್ಲಿ ಒಳ್ಳೆಯ ತೆರೆ ಇರುತ್ತದೆ. ತೆರೆ ಉದ್ದವಾದಷ್ಟೂ ಈ ಬಾಗು ಜಾಸ್ತಿ, ಏಕೆಂದರೆ 17 ಸೆಕೆಂಡಿನ ತೆರೆಗೆ ಇನ್ನೂರು ಮೀಟರ್‌ಗಿಂತ ಆಳದಲ್ಲೇ ತಳ ತಾಗಲು ಶುರುವಾಗುತ್ತದೆ. ನ್ಯೂಪೋರ್ಟ್ ಬೀಚಿನ ವೆಜ್ ಇನ್ನೊಂದು ಬಗೆ. ಬಂದರಿನ ಬಾಯಿಯ ಕಲ್ಲುಗೋಡೆಗೆ ಬಡಿದು ಹಿಂದಿರುಗಿದ ತೆರೆ ಮುಂದಿನ ತೆರೆಯ ಹೆಗಲೇರಿ ಎರಡೂ ಕೂಡಿ ಏಳುತ್ತವೆ. ಉಳಿದ ಕರೆಗಳಲ್ಲಿ ಸೊಂಟಮಟ್ಟ ಇದ್ದ ದಿನ ಅಲ್ಲಿ ಅದಕ್ಕೂ ಮೇಲೆ ಸಿಗುವುದುಂಟು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೆಳಗ್ಗೆ 10ರಿಂದ ಸಂಜೆ 5ರ ತನಕ ಅಲ್ಲಿ ಹಲಗೆಗಳಿಗೆ ಪ್ರವೇಶವಿಲ್ಲ. ಹಳದಿ ಬಾವುಟದಲ್ಲಿ ಕಪ್ಪು ವೃತ್ತ ಹಾರುತ್ತಿರುತ್ತದೆ. ಮೈಯಿಂದ ತೆರೆ ಹಿಡಿಯುವವರಿಗೆಂದೇ ಕಡಲಿನ ಒಂದು ತುಂಡನ್ನು ಕಾಯ್ದಿಟ್ಟ ಈ ಕ್ರಮ ನನಗೆ ಇಲ್ಲಿ ಅತಿ ಹೆಚ್ಚು ಮೆಚ್ಚುಗೆಯಾದದ್ದು.

ಅಂಕಿ ಇಷ್ಟನ್ನು ಹೇಳುತ್ತದೆ. ಮರಳಿನ ಮಾತನ್ನು ಅದು ಹೇಳುವುದಿಲ್ಲ. ಬಡ ಕಾಲದಲ್ಲಿ ನಿರ್ಣಯಿಸುವುದು ಮರಳೇ. ದೊಡ್ಡ ತೆರೆಗಳು ಕರೆಯ ಮರಳನ್ನು ಕೆತ್ತಿ ಆಚೆ ದಿಬ್ಬ ಕಟ್ಟುತ್ತವೆ, ಸಣ್ಣ ತೆರೆಗಳು ಅದೇ ಮರಳನ್ನು ದಿನವೂ ಚೂರುಚೂರು ಮೇಲಕ್ಕೆ ತಳ್ಳುತ್ತವೆ. ತಿಂಗಳುಗಟ್ಟಲೆ ಸಪ್ಪೆ ನಡೆದರೆ ಆಚೆಯ ದಿಬ್ಬ ಸವೆದು, ಕರೆ ಕಡಿದಾಗಿ, ತೆರೆಯೆಲ್ಲ ದಡದ ಮೇಲೆಯೇ ಒಮ್ಮೆಗೇ ಕವುಚಿ ಬೀಳುತ್ತದೆ. ಉದ್ದನೆಯ ನೇರ ಕರೆಗಳಲ್ಲಿ ಈ ಹಾವಳಿ ಹೆಚ್ಚು. ಆಗ ಹುಡುಕಬೇಕಾದದ್ದು ಮರಳಿನ ಸಾಲು ಮುರಿಯುವ ಜಾಗಗಳನ್ನು: ಕಡಲೊಳಕ್ಕೆ ಚಾಚಿದ ಪಿಯರಿನ ಕಂಬಗಳ ಪಕ್ಕ, ನ್ಯೂಪೋರ್ಟಿನ ಗಿಡ್ಡ ಕಲ್ಲುಸಾಲುಗಳ ನಡುವೆ, ಲಗೂನಾದ ಬಂಡೆಗಳ ಮಧ್ಯದ ಪುಟ್ಟ ಕೊಲ್ಲಿಗಳಲ್ಲಿ. ಎರಡು ದಿಕ್ಕಿನ ತೆರೆಗಳು ಒಟ್ಟಿಗೆ ಬಂದ ದಿನ ಇನ್ನೂ ಒಳ್ಳೆಯದು. ತೆಂಕಣ ಉದ್ದನೆಯ ತೆರೆಯನ್ನು ವಾಯವ್ಯದ ಗಿಡ್ಡ ತೆರೆ ಅಡ್ಡ ಕತ್ತರಿಸಿ ಗೋಪುರಗಳಂತೆ ತುಂಡು ಮಾಡುತ್ತದೆ, ಒಂದೊಂದು ತುಂಡಿಗೂ ಜಾರಲು ಒಂದು ಹೆಗಲು, ಅಂದರೆ ಇನ್ನೂ ಒಡೆಯದ ಬದಿ, ಇರುತ್ತದೆ.

ಈ ಮರಳನ್ನು ಓದುವುದರಲ್ಲಿ ನಮ್ಮವರು ಮುಂದು. ಉಡುಪಿ ಕಡೆಯ ಕೈರಂಪಣಿಯವರು, ಅಂದರೆ ಬಲೆ ಬಿಟ್ಟು ದಡದಿಂದ ಕೈಯಲ್ಲೇ ಎಳೆಯುವ ಮೀನುಗಾರರು, ದೋಣಿ ನೀರಿಗೆ ನೂಕುವ ಮೊದಲು ದಡದಲ್ಲಿ ಸುಮ್ಮನೆ ನಿಂತು ನೋಡುತ್ತಾರೆ. ದೊಡ್ಡ ತೆರೆಗಳ ಸಾಲು ಬಂದು ಹೋಗಲಿ, ನಡುವಿನ ಸಪಾಟು ಎಷ್ಟು ಹೊತ್ತು ನಿಲ್ಲುತ್ತದೆ, ನೊರೆ ಎಲ್ಲಿ ಮೊದಲು ಬಿಳಿಯಾಗುತ್ತದೆ, ಯಾವ ಜಾಗದಲ್ಲಿ ನೀರು ನೊರೆಯಿಲ್ಲದೆ ಕಪ್ಪಾಗಿ ಆಚೆಗೆ ಸೆಳೆಯುತ್ತಿದೆ ಎಂದು ಗುರುತು ಹಿಡಿಯುತ್ತಾರೆ. ಕ್ಯಾಮೆರಾವನ್ನು ಅರ್ಧ ನಿಮಿಷ ನೋಡುವವರಿಗೆ ಇದು ಯಾವುದೂ ಸಿಗದು. ಸಪ್ಪೆ ಕಾಲದ 17 ಸೆಕೆಂಡಿನ ತೆರೆಗಳಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ ಹದಿನೈದು, ಇಪ್ಪತ್ತು ನಿಮಿಷದ ಬಿಡುವಿರಬಹುದು. ಆ ಬಿಡುವಿನಲ್ಲಿ ನೋಡಿದವರಿಗೆ ಕಡಲು ಕೆರೆಯೇ. ಆದ್ದರಿಂದ ನನ್ನ ಸಲಹೆ: ಕರೆಗೊಂದರಂತೆ ಇಪ್ಪತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ನೋಡಿ. ಡಾನಾ ಪಾಯಿಂಟಿನ ಸಾಲ್ಟ್ ಕ್ರೀಕ್, ಸ್ಯಾನ್ ಕ್ಲೆಮೆಂಟೆ ಊರಿನ ಟಿ ಸ್ಟ್ರೀಟ್ ಎರಡಕ್ಕೂ ಮೇಲಿನಿಂದ ನೋಡಲು ದಿಬ್ಬವಿದೆ. ನೋಡಿದ್ದನ್ನು ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ: ಬೋಯಾದ ಮೂರು ಅಂಕಿ, ಭರತ ಇಳಿತದ ನೀರು ಎಷ್ಟು ಅಡಿ, ಗಾಳಿ, ಯಾವ ಕಲ್ಲಿನ ಯಾವ ಬದಿಯಲ್ಲಿ ತೆರೆ ಒಡೆಯಿತು. ಮುಂದಿನ ಸಲ ಅದೇ ಅಂಕಿ ಬಂದರೆ ನೇರ ಅಲ್ಲಿಗೇ ಹೋಗಬಹುದು. ಆದರೆ ನಡುವೆ ಒಂದು ದೊಡ್ಡ ತೆರೆಯ ವಾರ ಬಂದು ಹೋಗಿದ್ದರೆ ಹಳೆಯ ಸಾಲುಗಳನ್ನು ಹೊಡೆದುಹಾಕಬೇಕು, ಮರಳು ಬೇರೆಯಾಗಿರುತ್ತದೆ.

ಭರತ ಇಳಿತದ ವಿಷಯ ಇದಕ್ಕೆ ಹೊಂದಿಕೊಂಡದ್ದೇ. ತೆರೆ ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳಕ್ಕೆ ಬಂದಾಗ ಒಡೆಯುತ್ತದೆ. ಎರಡಡಿಯ ತೆರೆ ಒಡೆಯಲು ಎರಡೂವರೆ ಅಡಿ ನೀರಿನ ದಿಬ್ಬ ಬೇಕು. ಅದೇ ದಿಬ್ಬದ ಮೇಲೆ ಭರತದಲ್ಲಿ ಆರಡಿ ನೀರಿದ್ದರೆ ತೆರೆ ಒಡೆಯದೆ ದಾಟಿ ಬಂದು ದಡಕ್ಕೆ ಅಪ್ಪಳಿಸುತ್ತದೆ. ತೀರ ಇಳಿತದಲ್ಲಿ ದಿಬ್ಬವೇ ಬತ್ತಿ ನಿಲ್ಲುತ್ತದೆ. ಹೆಚ್ಚಿನ ಕರೆಗಳಲ್ಲಿ ಕೆಲಸಕ್ಕೆ ಬರುವುದು ಇಳಿತ ತಿರುಗಿ ಎರಡು ಗಂಟೆ ಆದ ಮೇಲಿನ ಹೊತ್ತು: ನೀರು ಬೇಗ ಏರುತ್ತಿರುತ್ತದೆ, ತೆರೆಗೂ ಸ್ವಲ್ಪ ಒತ್ತು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ದೊಡ್ಡ ಇಳಿತ ನಸುಕಿಗೆ ಬೀಳುತ್ತದೆ. ಅದು ತಿರುಗಿ ಏರುವ ಹೊತ್ತಿಗೆ ಬೆಳಗಿನ ನಿಶ್ಚಲ ಗಾಳಿಯೂ ಇನ್ನೂ ಉಳಿದಿದ್ದರೆ ಅದಕ್ಕಿಂತ ಬೇರೇನು ಬೇಕು. ಹತ್ತು, ಹನ್ನೊಂದರ ಮೇಲೆ ಕಡಲಗಾಳಿ ಎದ್ದು ಮೇಲ್ಮೈಯನ್ನು ಕೆದಕುತ್ತದೆ. ಇಲ್ಲಿನ ಕನ್ನಡ ಕುಟುಂಬಗಳು ಚಿತ್ರಾನ್ನದ ಡಬ್ಬಿಯೊಂದಿಗೆ ಕಡಲಿಗೆ ಬರುವುದು ಸರಿಯಾಗಿ ಆ ಹೊತ್ತಿಗೆ. ಮಕ್ಕಳು ಕಾಣುವುದು ಬರೀ ಕೆದರಿದ ನೀರು. ತಿಂಡಿ ಮುಗಿಸಿ ಏಳಕ್ಕೇ ಬಂದರೆ ಅದೇ ಕರೆ ಬೇರೆ.

ಬಡ ತೆರೆ ಹಿಡಿಯುವುದು ದೊಡ್ಡ ತೆರೆಗಿಂತ ಕಷ್ಟ, ಅದಕ್ಕೇ ಕಲಿಯಲು ಒಳ್ಳೆಯದು. ತಳ್ಳುವ ಶಕ್ತಿ ಕಡಿಮೆ ಇರುವುದರಿಂದ ವೇಗವನ್ನು ನಾವೇ ತರಬೇಕು. ಎದೆಮಟ್ಟದ ಬದಲು ಸೊಂಟಮಟ್ಟದ ನೀರಿನಲ್ಲಿ ನಿಂತು, ತೆರೆ ಬೆನ್ನಿಗೆ ಬಂದು ಕಡಿದಾಗುವ ಗಳಿಗೆಗೆ ತಳದ ಮರಳನ್ನು ಎರಡೂ ಕಾಲಿನಿಂದ ಒದ್ದು ಮುಂದಕ್ಕೆ ಚಿಮ್ಮಿ, ನಾಲ್ಕೈದು ಗಟ್ಟಿ ಒದೆತ, ಒಂದು ಕೈಬೀಸು. ಮುಂಗೈ ಚಾಚಿರಲಿ, ಅಂಗೈ ನೀರಿನ ಮೇಲೆ ಚಪ್ಪಟೆಯಾಗಿ, ಬೆರಳು ಕೂಡಿರಲಿ. ಇನ್ನೊಂದು ಕೈ ತೊಡೆಗೆ ಒತ್ತಿರಲಿ. ಎದೆ ತುಂಬ ಉಸಿರು ಹಿಡಿದು ಮೈ ಬಿಗಿ ಮಾಡಿ. ಸೊಂಟ ಕುಸಿದರೆ ತೆರೆ ಕೆಳಗಿನಿಂದ ಜಾರಿ ಹೋಗುತ್ತದೆ. ಸಣ್ಣ ತೆರೆ ತಪ್ಪುವುದಕ್ಕೆ ನೂರಕ್ಕೆ ತೊಂಬತ್ತು ಸಲ ಇದೇ ಕಾರಣ. ದಡಕ್ಕೆ ನೇರ ಹೋಗದೆ ಓರೆಯಾಗಿ, ಒಡೆಯದ ಹೆಗಲಿನ ಕಡೆಗೆ ಮೈ ತಿರುಗಿಸಬೇಕು. ಕೈಗೆ ಕಟ್ಟಿಕೊಳ್ಳುವ ಪುಟ್ಟ ಮರದ ಹ್ಯಾಂಡ್‌ಪ್ಲೇನ್ ಇಂಥ ದಿನಗಳಲ್ಲಿ ಎದೆಯನ್ನು ಮೇಲೆತ್ತಿ ತುಂಬ ಸಹಾಯ ಮಾಡುತ್ತದೆ. ಫಿನ್ಸ್ ಗಿಡ್ಡವಾಗಿ, ಬಿರುಸಾಗಿರಬೇಕು. ಮುಳುಗುಗಾರರ ಉದ್ದನೆಯ ಫಿನ್ಸ್ ಆಳವಿಲ್ಲದ ನೀರಿನಲ್ಲಿ ಮರಳಿಗೆ ಸಿಕ್ಕಿ ಕಣಕಾಲು ತಿರುಚುತ್ತದೆ. ಒದ್ದೆ ಕಾಲಿನಲ್ಲೇ ಅಳತೆ ನೋಡಿ ಕೊಳ್ಳಿ. ಸಡಿಲವಾದರೆ ಮೊದಲ ಉರುಳಿಗೇ ಕಳಚುತ್ತದೆ, ಬಿಗಿಯಾದರೆ ಅರ್ಧ ಗಂಟೆಯಲ್ಲಿ ಸ್ನಾಯು ಹಿಡಿಯುತ್ತದೆ. ಹಿಮ್ಮಡಿಯ ಚರ್ಮವನ್ನು ಮರಳು ಉಜ್ಜಿ ಕಿತ್ತುಹಾಕದಂತೆ ತೆಳು ನಿಯೋಪ್ರೀನ್ ಕಾಲುಚೀಲ ಹಾಕಿಕೊಳ್ಳಬೇಕು.

ಸಣ್ಣ ತೆರೆ ಎಂದರೆ ಅಪಾಯವೂ ಸಣ್ಣದು ಎಂದುಕೊಳ್ಳಬಾರದು. ದಡದ ಮೇಲೆಯೇ ಒಡೆಯುವ ಎರಡಡಿಯ ತೆರೆ ತಲೆಕೆಳಗಾಗಿ ಮರಳಿಗೆ ಕುಟ್ಟಿದರೆ ಕುತ್ತಿಗೆ ಮುರಿಯಬಹುದು. ತೆರೆ ಏಳುವಾಗ ಅದರ ಮುಂದಿನ ನೀರು ಬತ್ತಿ ಒದ್ದೆ ಮರಳು ಕಂಡರೆ ಆ ತೆರೆ ಬೇಡ. ಒಂದು ಕೈ ಯಾವಾಗಲೂ ತಲೆಗಿಂತ ಮುಂದಿರಲಿ. ತೆರೆ ಕವುಚುವ ಮೊದಲೇ ಭುಜ ತಗ್ಗಿಸಿ ಅದರ ಗೋಡೆಯೊಳಗೆ ತೂರಿ ಹಿಂಬದಿಗೆ ಹೊರಬನ್ನಿ. ಬೆಚ್ಚಗಿನ, ತೆರೆ ಕಡಿಮೆಯಿರುವ ನೀರಿನಲ್ಲಿ ತೊರಕೆಗಳು (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನುಗಳು) ಮರಳಲ್ಲಿ ಹುದುಗಿರುತ್ತವೆ. ಸೀಲ್ ಬೀಚ್ ಇದಕ್ಕೆ ಹೆಸರಾದ ಜಾಗ. ಕಾಲೆತ್ತಿ ಇಡದೆ ಎಳೆದುಕೊಂಡು ನಡೆದರೆ ಅವು ತಾವಾಗಿ ಸರಿಯುತ್ತವೆ; ಚುಚ್ಚಿದರೆ ತಡೆಯುವಷ್ಟು ಬಿಸಿನೀರಿನಲ್ಲಿ ಕಾಲಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಮಳೆ ಬಂದ ಮೇಲೆ 72 ಗಂಟೆ ಇಲ್ಲಿನ ಕಡಲಿಗೆ ಇಳಿಯಬೇಡಿ ಎನ್ನುವುದು ಚರಂಡಿ ನೀರಿನ ಕಾರಣಕ್ಕೆ.

ಇಷ್ಟೆಲ್ಲ ನಮ್ಮ ಕರಾವಳಿಗೂ ಸಲ್ಲುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಮುಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗ್ ಬೇರೂರಿದೆ. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಸಣ್ಣ ತೆರೆಗಳ ಕಾಲವನ್ನು ಕಲಿಯುವವರಿಗೆ ಬಿಟ್ಟದ್ದು ಎಂದು ಬದಿಗಿಡುತ್ತಾರೆ. ಮೈಯಿಂದ ತೆರೆ ಹಿಡಿಯುವವರಿಗೆ ಅದೇ ಒಳ್ಳೆಯ ಕಾಲ. ಬೆಳಗ್ಗೆ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸಿ ತೆರೆಯ ಮುಖ ಸವರಿರುತ್ತದೆ, ನೀರು ಬೆಚ್ಚಗಿರುತ್ತದೆ, ಮಳೆಗಾಲ ಕೊಂಡೊಯ್ದ ಮರಳು ಕರೆಗೆ ಮರಳುತ್ತಿರುತ್ತದೆ. ಅರಬ್ ದೇಶಗಳ ಕಡೆಯ ಶಮಾಲ್ ಗಾಳಿ ಎಬ್ಬಿಸಿದ ವಾಯವ್ಯದ ಗಿಡ್ಡ ತೆರೆಯೂ ತೆಂಕಣ ಸಾಗರದ ಉದ್ದನೆಯ ತೆಳು ತೆರೆಯೂ ಒಟ್ಟಿಗೆ ಬರುತ್ತವೆ. ನಾನು ಮೇಲೆ ಹೇಳಿದ ಆ ಅಡ್ಡ ಕತ್ತರಿ ನಮ್ಮಲ್ಲೂ ಇದೆ. ಹೈದರಾಬಾದಿನ ಇಂಕೋಯಿಸ್ ಸಂಸ್ಥೆ ಮೀನುಗಾರರಿಗೆಂದು ಕೊಡುವ ಮುನ್ಸೂಚನೆಯಲ್ಲಿ ತೆರೆಯ ಎತ್ತರದ ಜೊತೆ ಸೆಕೆಂಡನ್ನೂ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಇಲ್ಲದೆ ಕಡಲು ಉಕ್ಕಿ ಬರುವ, ಕೇರಳದವರು ಕಳ್ಳಕ್ಕಡಲ್ ಎನ್ನುವ ತೆರೆಗಳೂ ಅದೇ ದೂರದ ತೆಂಕಣದವು. ಆ ಎಚ್ಚರಿಕೆ ಇದ್ದ ದಿನ ನೀರಿಗೆ ಇಳಿಯಕೂಡದು. ಮಳೆಗಾಲದ ಮಾತಂತೂ ಇಲ್ಲವೇ ಇಲ್ಲ. ಶಾಂಭವಿ, ನಂದಿನಿ ಕೂಡುವ ಸಸಿಹಿತ್ಲಿನ ಅಳಿವೆಯಂಥ ಕಡೆ ಇಳಿತದಲ್ಲಿ ಹೊಳೆ ಆಚೆಗೆ ಎಳೆಯುತ್ತದೆ, ಬಾಯಿಂದ ದೂರ ಸರಿದು ಏರುನೀರಿನಲ್ಲಿ ಮಾತ್ರ ಇಳಿಯಬೇಕು. ಉಳ್ಳಾಲದಂತೆ ಕಡಲಕೊರೆತಕ್ಕೆ ಕಲ್ಲು ಸುರಿದ ಕರೆಗಳ ಹತ್ತಿರವೂ ಸುಳಿಯಬಾರದು, ಭರತದಲ್ಲಿ ತೆರೆಗೂ ಬಂಡೆಗೂ ನಡುವೆ ಮರಳೇ ಇರುವುದಿಲ್ಲ.

ನಮ್ಮಲ್ಲಿ ಇಲ್ಲದ್ದು ಆ ಹಳದಿ ಬಾವುಟ. ಕಾಪುವಿನಲ್ಲೋ ಪಣಂಬೂರಿನಲ್ಲೋ ನೂರು ಮೀಟರ್ ಕರೆಗೆ ಎರಡು ಕಂಬ ನೆಟ್ಟು, ಡಿಸೆಂಬರಿನಿಂದ ಫೆಬ್ರುವರಿ ತನಕ ಬೆಳಗ್ಗೆ ಏಳರಿಂದ ಹತ್ತರವರೆಗೆ ಫಿನ್ಸ್ ಹಾಕಿದವರಿಗೆ ಮಾತ್ರ ಎಂದು ಇಟ್ಟು, ಒಬ್ಬ ಜೀವರಕ್ಷಕರನ್ನು ಕೂರಿಸಿದರೆ ಸಾಕು. ಜೆಟ್‌ಸ್ಕೀಗಳು ಆ ಹೊತ್ತು ಕಂಬಗಳಾಚೆ ಇರಬೇಕು. ಕೈರಂಪಣಿ ಬಲೆ ಬಿಡುವ ದಿನ ಮಾತ್ರ ಕಂಬಗಳನ್ನು ಕಿತ್ತು ಬೇರೆ ಕಡೆ ನೆಡಬೇಕು, ಎಳೆಯುವ ಹಗ್ಗಕ್ಕೆ ಫಿನ್ಸ್ ಸಿಕ್ಕಿದರೆ ಅವರ ಬಲೆಗೂ ಕೇಡು, ನಮ್ಮ ಕಾಲಿಗೂ ಕೇಡು.