ಅರ್ಧ ಮಂಡಿ ನೋಯ್ತಿದೆ ಅಂದ ಕೂಡಲೇ ಪೂರ್ತಿ ಮಂಡಿ ಹಾಕಿಸ್ಬೇಕಾ?

ಪಾರ್ಷಿಯಲ್ ನೀ ರಿಪ್ಲೇಸ್‌ಮೆಂಟ್, ಅಂದ್ರೆ ಮಂಡಿಯ ಸವೆದ ಒಂದು ಬದಿಯನ್ನಷ್ಟೇ ಬದಲಿಸೋ "ಅರ್ಧ ಮಂಡಿ" ಆಪರೇಷನ್, ಮಾಡಿಸಿಕೊಂಡವರು ಕೆಲವು ತಿಂಗಳಾದ ಮೇಲೂ "ಇನ್ನೂ ನೋವಿದೆ" ಅಂದ್ರೆ ಸಾಕು, "ಅವತ್ತೇ ಪೂರ್ತಿ ಮಾಡಿಸಬೇಕಿತ್ತು" ಅನ್ನೋ ಉತ್ತರ ಸಿದ್ಧವಾಗಿರುತ್ತೆ. ನೆಂಟರಿಷ್ಟರು ಅಂದ್ರೆ ಬಿಡಿ, ಎಕ್ಸ್-ರೇ ಮೇಲೊಮ್ಮೆ ಕಣ್ಣಾಡಿಸಿ ಕೆಲವು ಸರ್ಜನ್‌ಗಳೂ ಇದನ್ನೇ ಹೇಳ್ತಾರೆ. ನನಗೂ ಹೇಳಿದ್ರು. ನೋವಿಗೆ ಕಾರಣ ಪತ್ತೆಯಾಗದೆ ಅದೇ ಮಂಡಿಯನ್ನು ಮತ್ತೆ ಕೊಯ್ಯೋದು ನನ್ನ ಪ್ರಕಾರ ಶುದ್ಧ ಜೂಜು.

ಮೊದಲು ಕೇಳಬೇಕಾದ್ದು ನೋವಿನ ಕಥೆ. ಆಪರೇಷನ್ ಆದ ಮೇಲೆ ನೋವಿಲ್ಲದ ಕಾಲ ಅಂತ ಒಂದು ಇತ್ತಾ? ಇರಲೇ ಇಲ್ಲ ಅಂದ್ರೆ ಸೋಂಕಿರಬಹುದು, ಅಥವಾ ನೋವು ಮಂಡಿಯದ್ದೇ ಆಗಿರದೆ ಸೊಂಟದ ಕೀಲಿನಿಂದಲೋ ಬೆನ್ನಿನ ನರದಿಂದಲೋ ಇಳಿದು ಬರ್ತಿರಬಹುದು. ವರ್ಷಗಟ್ಟಲೆ ಚೆನ್ನಾಗಿದ್ದು ಈಗ ಶುರುವಾಗಿದ್ರೆ ಇಂಪ್ಲಾಂಟ್ (ಒಳಗೆ ಕೂರಿಸಿದ ಕೃತಕ ಭಾಗ) ಸಡಿಲವಾಗಿದೆಯಾ, ಬದಲಿಸದೆ ಬಿಟ್ಟ ಭಾಗಕ್ಕೆ ಸವೆತ ಹಬ್ಬಿದೆಯಾ ಅಂತ ನೋಡಬೇಕು. ಕೂತಿದ್ದು ಎದ್ದ ಮೊದಲ ಹೆಜ್ಜೆಗಳಲ್ಲಿ ಚುಚ್ಚಿ ಆಮೇಲೆ ಕಡಿಮೆಯಾಗೋ ನೋವು ಸಡಿಲಿಕೆಯ ಕಡೆ ಬೆರಳು ತೋರಿಸುತ್ತೆ. ಎರಡು ಲೋಹದ ಭಾಗಗಳ ನಡುವೆ ಜರುಗುವ ಪ್ಲಾಸ್ಟಿಕ್ ತುಂಡು, ಅಂದ್ರೆ ಬೇರಿಂಗ್, ಇರೋ ಮಾದರಿಯಲ್ಲಿ ಮಂಡಿ ಹಠಾತ್ತಾಗಿ ಲಾಕ್ ಆದ್ರೆ ಬೇರಿಂಗ್ ಜಾರಿರಬಹುದು. ಇಷ್ಟೆಲ್ಲ ತಿಳಿಯೋಕೆ ಯಂತ್ರ ಬೇಕಿಲ್ಲ, ಹತ್ತು ನಿಮಿಷ ಕೂತು ಕೇಳುವ ವ್ಯವಧಾನ ಬೇಕು.

ಇನ್ನು ಎಕ್ಸ್-ರೇ. ಕೆಳಗಿನ ಮೂಳೆಯ ಮೇಲೆ ಕೂರಿಸಿದ ಲೋಹದ ತಟ್ಟೆಯ ಅಡಿಯಲ್ಲಿ ಒಂದು ತೆಳು ಕಪ್ಪು ಗೆರೆ ಕಾಣುತ್ತೆ. "ನೋಡಿ, ಲೂಸ್ ಆಗಿದೆ" ಅಂತ ಅದನ್ನು ತೋರಿಸಿದ್ರೆ ಯಾರಿಗಾದ್ರೂ ಎದೆ ಝಲ್ ಅನ್ನುತ್ತೆ. ಆದರೆ ಸಿಮೆಂಟ್ ಹಾಕಿ ಕೂರಿಸಿದ ಅರ್ಧ ಮಂಡಿಗಳಲ್ಲಿ 2 ಮಿಲಿಮೀಟರ್‌ಗಿಂತ ಸಣ್ಣದಾದ, ಅಂಚಿನಲ್ಲಿ ಸ್ಪಷ್ಟ ಬಿಳಿ ಗೆರೆ ಇರೋ, ಅಗಲವಾಗದೆ ಹಾಗೇ ನಿಂತ ಗೆರೆ ತೀರಾ ಸಾಮಾನ್ಯ. ಅದಕ್ಕೂ ನೋವಿಗೂ ಸಂಬಂಧವಿರಲ್ಲ. ಅಂಚು ಮಸುಕಾಗಿ, ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗ್ತಾ ಹೋದ್ರೆ ಮಾತು ಬೇರೆ. ಅದು ತಿಳಿಯಬೇಕಾದ್ರೆ ಆಪರೇಷನ್ ಆದ ಹೊಸದರಲ್ಲಿ ತೆಗೆದ ಫಿಲ್ಮ್ ಪಕ್ಕದಲ್ಲಿರಬೇಕು. ಕಿರಣ ತಟ್ಟೆಗೆ ಸಮಾನಾಂತರವಾಗಿಯೂ ಬಿದ್ದಿರಬೇಕು. ಸ್ವಲ್ಪ ಓರೆಯಾದ್ರೂ ಗೆರೆ ಮರೆಯಾಗುತ್ತೆ. ಮೂಳೆಯಲ್ಲಿ ಚಟುವಟಿಕೆ ಹೆಚ್ಚಿರೋ ಜಾಗವನ್ನು ಹೊಳೆಯುವಂತೆ ತೋರಿಸೋ ಬೋನ್ ಸ್ಕ್ಯಾನ್‌ನದ್ದೂ ಇದೇ ಪಾಡು. ಚೆನ್ನಾಗಿ ಕೂತ ಇಂಪ್ಲಾಂಟ್ ಸುತ್ತಲೂ ಒಂದೆರಡು ವರ್ಷ ಮೂಳೆ ಹೊಳೀತಾನೇ ಇರಬಹುದು.

ಸೋಂಕಿನ ವಿಷಯದಲ್ಲಿ ಮಾತ್ರ ನಿಧಾನ ಸಲ್ಲದು. ಜ್ವರ ಇಲ್ಲ ಅಂದ ಮಾತ್ರಕ್ಕೆ ಸೋಂಕಿಲ್ಲ ಅಂತಲ್ಲ. ಉರಿಯೂತವನ್ನು ತೋರಿಸೋ ಸಿಆರ್‌ಪಿ, ಇಎಸ್‌ಆರ್ ರಕ್ತ ಪರೀಕ್ಷೆ, ಅನುಮಾನ ಉಳಿದ್ರೆ ಮಂಡಿಯಿಂದ ನೀರು ತೆಗೆದು ಜೀವಕೋಶಗಳ ಎಣಿಕೆ ಮತ್ತು ಕಲ್ಚರ್ (ರೋಗಾಣು ಬೆಳೆಯುತ್ತಾ ಅಂತ ನೋಡೋದು) ಆಗಬೇಕು. ನನಗೆ ಮೈ ಉರಿಯೋದು ಯಾವಾಗ ಅಂದ್ರೆ, ನೀರು ತೆಗೆಯೋ ಮೊದಲೇ "ಇರಲಿ" ಅಂತ ಆ್ಯಂಟಿಬಯೋಟಿಕ್ ಬರೆದುಕೊಟ್ಟಾಗ. ಆಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು, ಸೋಂಕು ಇದೆಯೋ ಇಲ್ಲವೋ ಅನ್ನೋದೇ ಗೋಜಲಾಗುತ್ತೆ.

ಒಳಬದಿಯಲ್ಲಿ, ಕೀಲಿಗೆ ಸ್ವಲ್ಪ ಕೆಳಗೆ ಬರೋ ನೋವಿನ ಬಗ್ಗೆ ಯಾರೂ ಮೊದಲೇ ಹೇಳಲ್ಲ. ಅಲ್ಲಿನ ಮೂಳೆ ಹೊಸ ಭಾರಕ್ಕೆ ಒಗ್ಗಿಕೊಳ್ಳೋಕೆ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತೆ. ಮೂಳೆ ಬಿರುಕು ಬಿಟ್ಟಿಲ್ಲ ಅಂತ ಖಾತ್ರಿಯಾದ್ರೆ ಕಾಯಬಹುದು.

ಅರ್ಧ ಮಂಡಿಗೇ ಮರು ಆಪರೇಷನ್ ಹೆಚ್ಚು ಅನ್ನೋ ಅಂಕಿ ಅಂಶ ನಿಜ. ಆದರೆ ಕೀಲು ಬದಲಿಸಿದ ಆಪರೇಷನ್‌ಗಳ ಲೆಕ್ಕ ಇಡೋ ನ್ಯೂಜಿಲೆಂಡ್‌ನ ದಾಖಲಾತಿ ಇನ್ನೊಂದು ಕಥೆ ಹೇಳುತ್ತೆ. ಮಂಡಿಯ ನೋವು, ಓಡಾಟದ ಬಗ್ಗೆ ರೋಗಿಯೇ ಉತ್ತರಿಸೋ ಆಕ್ಸ್‌ಫರ್ಡ್ ಸ್ಕೋರ್‌ನಲ್ಲಿ (ಹೆಚ್ಚಿದ್ದಷ್ಟೂ ಒಳ್ಳೆಯದು) 48ಕ್ಕೆ 20ಕ್ಕಿಂತ ಕಡಿಮೆ ಬಂದವರನ್ನೇ ತಗೊಂಡ್ರೆ, ಅರ್ಧ ಮಂಡಿಯವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಮರು ಆಪರೇಷನ್ ಆಗಿದೆ, ಪೂರ್ತಿ ಮಂಡಿಯವರಲ್ಲಿ 10ರ ಆಸುಪಾಸು. ಸಂಕಟ ಒಂದೇ, ಚಾಕು ಎತ್ತಿಕೊಳ್ಳುವ ಧೈರ್ಯ ಬೇರೆ ಬೇರೆ. ಅರ್ಧವನ್ನು ಪೂರ್ತಿ ಮಾಡೋದು ಸುಲಭ ಅನ್ನೋ ಭಾವನೆಯೇ ಇದಕ್ಕೆ ದೊಡ್ಡ ಕಾರಣ ಅಂತ ನನ್ನ ನಂಬಿಕೆ. ಕಾರಣ ಸಿಗದೆ ಮಾಡಿದ ಮರು ಆಪರೇಷನ್‌ಗಳಲ್ಲಿ ನೋವು ಹಾಗೇ ಉಳಿದುಬಿಡೋದು ಹೆಚ್ಚು.

ಬೇರಿಂಗ್ ಜಾರಿದೆ, ತಟ್ಟೆ ಕುಸಿದಿದೆ, ಇನ್ನೊಂದು ಬದಿ ಸವೆದುಹೋಗಿದೆ ಅಂತ ಗೊತ್ತಾದ್ರೆ ಮಾಡಿಸಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಗೊತ್ತಾಗದಿದ್ರೆ, ಅರ್ಧ ಮಂಡಿಯನ್ನು ವಾಡಿಕೆಯಾಗಿ ಮಾಡೋ ಸರ್ಜನ್ ಒಬ್ಬರನ್ನು ಹುಡುಕಿ, ಹಳೆ ಫಿಲ್ಮ್‌ಗಳನ್ನೆಲ್ಲ ತಗೊಂಡು ಹೋಗಿ ಎರಡನೇ ಅಭಿಪ್ರಾಯ ಕೇಳಿ.