ಮಳೆ ಬಿಡ್ಲಿ, ನೋಡುವ!

ಉಡುಪಿಯಲ್ಲಿ ಮನೆ ಕಟ್ಟುವವರಿಗೆ ಮಳೆ ಹೊಸತಾ? ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಸುರಿಯುವ ಊರು ಇದು. ಆದರೂ ಹಿಂದುಗಡೆ ಒಂದು ಕೋಣೆ ಸೇರಿಸುವಾಗ ನೀರು ಹೋಗುವ ದಾರಿ ಯಾರಿಗೂ ನೆನಪಾಗುವುದಿಲ್ಲ. ನಿನ್ನೆ ರಾತ್ರಿ ಹೊಸ ಕೋಣೆಯಲ್ಲಿ ಅಮ್ಮನ ಹಾಸಿಗೆಯೇ ಒದ್ದೆ. ನನಗಂತೂ ಸಾಕಾಗಿ ಹೋಗಿದೆ.

ಹಳೆ ಹಂಚಿನ ಮಾಡಿನ ನೀರೆಲ್ಲ ಬೀಳುವುದು ಈ ಹೊಸ ತಾರಸಿಗೆ. ಅದಕ್ಕೆ ಇಟ್ಟದ್ದು ಎರಡು ಇಂಚಿನ ಒಂದೇ ಪೈಪು. ನೂರು ಚದರ ಮೀಟರ್ ಮಾಡಿಗೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. ಅಷ್ಟೂ ಆ ಸಣ್ಣ ಪೈಪಿನಲ್ಲಿ ಇಳಿಯುತ್ತದಾ? ಬಾಯಿಗೆ ಒಂದು ಹಲಸಿನ ಎಲೆ ಕೂತರೆ ಮುಗಿಯಿತು. ತಾರಸಿಯಲ್ಲಿ ನೀರು ತುಂಬಿ, ಹಳೆ ಗೋಡೆಗೆ ಸ್ಲ್ಯಾಬ್ ಸೇರುವ ಸಂದಿಯಿಂದ ಒಳಗೆ ಬರುತ್ತದೆ. ಕೆಂಪುಕಲ್ಲಿನ ಗೋಡೆ ಒಮ್ಮೆ ನೀರು ಕುಡಿದರೆ ಬೇಗ ಒಣಗುವುದೂ ಇಲ್ಲ. ಪೈಂಟ್ ಗುಳ್ಳೆ ಎದ್ದು, ಬೆರಳು ತಾಗಿದರೆ ಸಿಪ್ಪೆಯ ಹಾಗೆ ಕಿತ್ತು ಬರುತ್ತದೆ. ಸ್ವಿಚ್ ಮುಟ್ಟಲು ಹೆದರಿಕೆ.

ಪೈಪಿನ ಕೆಳತುದಿಯಾದರೂ ಚರಂಡಿಗೆ ಮುಟ್ಟಿದೆಯಾ? ಇಲ್ಲ, ಮೊಣಕಾಲೆತ್ತರದಲ್ಲೇ ನಿಂತಿದೆ. ನೀರೆಲ್ಲ ಮನೆಯ ಪಂಚಾಂಗದ (ಅಡಿಪಾಯದ) ಬುಡಕ್ಕೆ ಬಿದ್ದು, ಮಣ್ಣು ಕೊರೆದು ಹೊಂಡವಾಗಿದೆ.

ಮೇಸ್ತ್ರಿಯನ್ನು ಕೇಳಿದರೆ "ಅದು ಪ್ಲಂಬರ್ ಕೆಲಸ." ಪ್ಲಂಬರನ್ನು ಕೇಳಿದರೆ "ಸ್ಲ್ಯಾಬಿಗೆ ಇಳಿಜಾರೇ ಇಲ್ಲ, ನಾನೇನು ಮಾಡ್ಲಿ?" ಕಂಟ್ರಾಕ್ಟರ್ ಫೋನೇ ಎತ್ತುವುದಿಲ್ಲ. ಜಾಸ್ತಿ ಒತ್ತಾಯ ಮಾಡಿದರೆ "ಮಳೆ ಬಿಡ್ಲಿ, ನೋಡುವ" ಅನ್ನುತ್ತಾರೆ. ಬೇಸಗೆಯಲ್ಲಿ ಕರೆದರೆ "ಈಗ ಸೋರುದಿಲ್ಲ ಅಲ್ವಾ, ಎಲ್ಲಿಂದ ಅಂತ ಗೊತ್ತಾಗುವುದು ಹೇಗೆ?" ಮಳೆಯಲ್ಲೂ ಆಗುವುದಿಲ್ಲ, ಬಿಸಿಲಲ್ಲೂ ಆಗುವುದಿಲ್ಲ ಅಂದರೆ ಮತ್ತೆ ಯಾವಾಗ ಮಾಡುವುದು?